ಅಡಿಯಲ್ಲಿ ದಾರ ಗಂಟಾದರೆ ತಪ್ಪು ಮೇಲೆ ಹುಡುಕಿ: ಮನೆ ಹೊಲಿಗೆ ಮಷಿನ್ ದೋಷ ಹಿಡಿಯುವ ಬಗೆ

ಹೊಲಿಯುತ್ತಾ ಹೋಗುತ್ತೀರಿ, ಮೇಲಿನಿಂದ ಎಲ್ಲಾ ಚೆನ್ನಾಗೇ ಕಾಣುತ್ತಿರುತ್ತದೆ. ಬಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಪೊದೆ. ತಕ್ಷಣ ಎಲ್ಲರ ಕೈ ಹೋಗುವುದು ಬಾಬಿನ್ ಕೇಸಿನ (ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಪುಟ್ಟ ಡಬ್ಬಿ) ಮೇಲಿರುವ ಪುಟ್ಟ ಸ್ಕ್ರೂ ಕಡೆಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಕೆಳಗಡೆ ಗಂಟಾಗಿದ್ದರೆ ತಪ್ಪು ಇರುವುದು ಬಹುಮಟ್ಟಿಗೆ ಮೇಲಿನ ದಾರದಲ್ಲಿ. ಇಷ್ಟು ಗೊತ್ತಿದ್ದರೆ ಎಷ್ಟೋ ಮಷಿನ್‌ಗಳು ರಿಪೇರಿ ಅಂಗಡಿಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಹವ್ಯಾಸಕ್ಕೆ ಮನೆಯಲ್ಲಿ ಚೀಲ, ಕುರ್ತಾ, ಮಕ್ಕಳ ಫ್ರಾಕ್ ಹೊಲಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಕಪ್ಪು ಬಣ್ಣದ ಹಳೆ ಕಾಲ್ಮಷಿನ್ ಇರಲಿ, ಅದಕ್ಕೇ ಮೋಟರ್ ಕೂರಿಸಿರಲಿ, ಹೊಸ ಬಿಳಿ ಝಿಗ್‌ಝ್ಯಾಗ್ ಮಷಿನ್ ಇರಲಿ, ಹೊಲಿಗೆ ಬೀಳುವ ರೀತಿ ಒಂದೇ. ಓವರ್‌ಲಾಕ್ ಮಷಿನ್ ವಿಷಯ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ಹೊಲಿಗೆ ಓದಿ

ಮೇಲಿನ ದಾರ ಸೂಜಿಯ ಜೊತೆ ಕೆಳಗಿಳಿಯುತ್ತದೆ. ತಗಡಿನ ಅಡಿಯಲ್ಲಿ, ಬಾಬಿನ್ ಸುತ್ತ ಆಡುವ ಶಟಲ್‌ನ ಕೊಕ್ಕೆ ಅದನ್ನು ಹಿಡಿದು ಬಾಬಿನ್ ಸುತ್ತ ಒಂದು ಸುತ್ತು ಹಾಕಿಸುತ್ತದೆ. ಆಮೇಲೆ ಮೇಲಿನ ಲಿವರ್ ಎಳೆದಾಗ ಎರಡೂ ದಾರ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯ ನಡುವೆ ನಿಲ್ಲುತ್ತವೆ. ಆ ಗಂಟು ಬಟ್ಟೆಯ ದಪ್ಪದೊಳಗೆ ಅಡಗಿರಬೇಕು. ಮೇಲೂ ಕಾಣಬಾರದು, ಕೆಳಗೂ ಕಾಣಬಾರದು.

ಮೇಲಿನ ದಾರ ಸಡಿಲವಾದರೆ ಕೆಳಗಿನದು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಕೊಳಕು ಅಡಿಯಲ್ಲಿ ಕಾಣುತ್ತದೆ. ಕೆಳಗಿನದು ಸಡಿಲವಾದರೆ ಉಲ್ಟಾ. ಇದನ್ನು ಕಣ್ಣಾರೆ ನೋಡಬೇಕಾದರೆ ಮೇಲೆ ಕೆಂಪು ದಾರ, ಬಾಬಿನ್‌ನಲ್ಲಿ ನೀಲಿ ದಾರ ಹಾಕಿ, ಎರಡೂ ಒಂದೇ ದಪ್ಪದ್ದಿರಲಿ. ನೀವು ಹೊಲಿಯುತ್ತಿದ್ದ ಅದೇ ಬಟ್ಟೆಯ ತುಂಡಿನ ಮೇಲೆ, ಅಷ್ಟೇ ಪದರ ಇಟ್ಟು ಒಂದು ಗೇಣು ಹೊಲಿಯಿರಿ. ಹಳೆ ಪಂಚೆ ತುಂಡಿನ ಮೇಲೆ ಪರೀಕ್ಷೆ ಮಾಡಿ "ಸರಿಯಾಯ್ತು" ಅಂದುಕೊಂಡು ಆಮೇಲೆ ನಾಲ್ಕು ಪದರ ಕ್ಯಾನ್ವಾಸ್ ಕೊಟ್ಟರೆ ಮತ್ತೆ ಅದೇ ತೊಂದರೆ ಬರುತ್ತದೆ, ಯಾಕಂದರೆ ಟೆನ್ಷನ್, ಅಂದರೆ ದಾರದ ಬಿಗಿತ, ಬಟ್ಟೆಯ ದಪ್ಪದ ಜೊತೆ ಬದಲಾಗುವ ಲೆಕ್ಕ. ಅಡಿಯಲ್ಲಿ ಕೆಂಪು ಕಂಡರೆ ಮೇಲಿನ ದಾರ ನೋಡಿ. ಮೇಲೆ ನೀಲಿ ಚುಕ್ಕಿ ಕಂಡರೆ ಒಂದೋ ಮೇಲಿನದು ಬಿಗಿಯಾಗಿದೆ, ಇಲ್ಲಾ ಬಾಬಿನ್ ಸಡಿಲ.

ಹುಡುಕುವ ಕ್ರಮವೂ ಮುಖ್ಯ. ಮೊದಲು ದಾರ ಬಿಚ್ಚಿ ಮತ್ತೆ ಪೋಣಿಸಿ. ಆಮೇಲೆ ಸೂಜಿ ಬದಲಿಸಿ. ಆಮೇಲೆ ಬಾಬಿನ್ ತೆಗೆದು ಹಾಕಿ, ಕಸ ತೆಗೆಯಿರಿ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಟೆನ್ಷನ್ ತಿರುಗಿಸುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹೊಲಿದು ನೋಡಿ. ಮೂರು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮೆಕ್ಯಾನಿಕ್‌ಗೂ.

ಅಡಿಯಲ್ಲಿ ದಾರದ ಪೊದೆ

ಇದು ಎಲ್ಲಕ್ಕಿಂತ ಜಾಸ್ತಿ ಬರುವ ತೊಂದರೆ, ಕಾರಣವೂ ಹೆಚ್ಚಾಗಿ ಒಂದೇ. ಪಾದ, ಅಂದರೆ ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಭಾಗ, ಕೆಳಗಿಳಿಸಿಟ್ಟು ದಾರ ಪೋಣಿಸಿರುತ್ತಾರೆ. ಟೆನ್ಷನ್ ತಿರುಪಿನ ಹಿಂದೆ ಎರಡು ಪುಟ್ಟ ತಟ್ಟೆಗಳಿವೆ, ಅವುಗಳ ನಡುವೆ ದಾರ ಕೂರಬೇಕು. ಪಾದ ಮೇಲಿದ್ದಾಗ ಆ ತಟ್ಟೆಗಳು ತೆರೆದುಕೊಳ್ಳುತ್ತವೆ, ಕೆಳಗಿದ್ದಾಗ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ತಟ್ಟೆಯ ಅಂಚಿನ ಮೇಲೆ ದಾರ ಸುಮ್ನೆ ಹಾದುಹೋದರೆ ಅದಕ್ಕೆ ಹಿಡಿತವೇ ಇರುವುದಿಲ್ಲ, ಡಯಲ್ 9ಕ್ಕೆ ತಿರುಗಿಸಿದರೂ ಏನೂ ಆಗುವುದಿಲ್ಲ.

ಪರೀಕ್ಷೆ ಸುಲಭ. ಪಾದ ಎತ್ತಿ, ಸೂಜಿಯ ಹತ್ತಿರ ದಾರ ಎಳೆಯಿರಿ. ಸಲೀಸಾಗಿ ಬರಬೇಕು. ಪಾದ ಇಳಿಸಿ ಮತ್ತೆ ಎಳೆಯಿರಿ. ಈಗ ಬಿಗಿಯಾಗಬೇಕು, ಸೂಜಿ ಸ್ವಲ್ಪ ಬಾಗುವಷ್ಟು. ಎರಡು ಸಲವೂ ಒಂದೇ ತರಹ ಸಲೀಸಾಗಿ ಬಂದರೆ ದಾರ ತಟ್ಟೆಯೊಳಗೆ ಕೂತಿಲ್ಲ, ಇಲ್ಲವೇ ತಟ್ಟೆಯ ನಡುವೆ ಹತ್ತಿ ನಾರೋ, ತುಂಡು ದಾರವೋ ಸಿಕ್ಕಿಕೊಂಡು ಅವು ಮುಚ್ಚುತ್ತಿಲ್ಲ. ಪಾದ ಎತ್ತಿ, ತೆಳು ಬಟ್ಟೆಯ ಅಂಚನ್ನು ತಟ್ಟೆಗಳ ನಡುವೆ ಹಾಯಿಸಿ ಹಿಂದಕ್ಕೆ ಮುಂದಕ್ಕೆ ಎಳೆದರೆ ಕಸ ಹೊರಬರುತ್ತದೆ. ಪಿನ್ನು, ಚಾಕು ತೂರಿಸಬೇಡಿ. ತಟ್ಟೆಯ ಮೇಲೆ ಗೀರು ಬಿದ್ದರೆ ಅದೇ ಹೊಸ ತೊಂದರೆ.

ದಾರ ಎಳೆಯುವ ಲಿವರ್‌ನ ತೂತಿನಿಂದ ದಾರ ಜಾರಿಹೋಗಿದ್ದರೂ ಇದೇ ಪೊದೆ, ಇನ್ನೂ ದೊಡ್ಡದು. ನಾಲ್ಕೈದು ಹೊಲಿಗೆಯಲ್ಲೇ ಮಷಿನ್ ಕಚ್ಚಿಕೊಳ್ಳುತ್ತದೆ. ದಪ್ಪ ಚೀಲ ಹೊಲಿಯುವಾಗ ಇನ್ನೊಂದು ಆಗುತ್ತದೆ: ಬಟ್ಟೆಯೇ ಪಾದಕ್ಕೆ ತಾಗುವಷ್ಟು ಎತ್ತರ ಇರುವುದರಿಂದ ಪಾದ ಇಳಿದಿದೆ ಅಂತಲೇ ಅನಿಸುತ್ತದೆ, ಆದರೆ ಹಿಂದಿನ ಸಣ್ಣ ಹಿಡಿ ಇನ್ನೂ ಮೇಲೇ ಇರುತ್ತದೆ. ಕೈಯಿಂದ ಮುಟ್ಟಿ ನೋಡಿ.

ಪೊದೆ ಶುರುವಿನಲ್ಲಿ ಮಾತ್ರ ಬಂದು ಆಮೇಲೆ ಹೊಲಿಗೆ ಸರಿಯಾಗುತ್ತದೆ ಅಂದರೆ ಮಷಿನ್‌ನಲ್ಲಿ ದೋಷವೇ ಇಲ್ಲ. ಎರಡೂ ದಾರದ ತುದಿಯನ್ನು 10 ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಬಿಟ್ಟು, ಮೊದಲ ಮೂರ್ನಾಲ್ಕು ಹೊಲಿಗೆ ಮುಗಿಯುವ ತನಕ ಕೈಯಲ್ಲಿ ಹಿಡಿದುಕೊಳ್ಳಿ.

ಕಚ್ಚಿಕೊಂಡಾಗ ಬಟ್ಟೆಯನ್ನು ಜಗ್ಗಬೇಡಿ. ಪ್ಲಗ್ ತೆಗೆಯಿರಿ, ಪಾದ ಎತ್ತಿ, ಚಕ್ರವನ್ನು ನಿಮ್ಮ ಕಡೆಗೆ ಮೆಲ್ಲಗೆ ತಿರುಗಿಸಿ ಸೂಜಿ ಮೇಲೆ ತನ್ನಿ. ಬಟ್ಟೆ ಮತ್ತು ಅದರ ಅಡಿಯ ತಗಡಿನ (ಸೂಜಿ ಇಳಿಯುವ ತೂತು ಇರುವುದು) ನಡುವೆ ಸಣ್ಣ ಕತ್ತರಿ ತೂರಿಸಿ ದಾರ ಕತ್ತರಿಸಿ. ಆಮೇಲೆ ಶಟಲ್ ತೆಗೆದು ಒಳಗಿನ ತುಂಡುಗಳನ್ನೆಲ್ಲ ಆರಿಸಿ. ಒಂದು ಎಳೆ ಉಳಿದರೂ ಅದು ಮತ್ತೆ ಸುತ್ತಿಕೊಳ್ಳುತ್ತದೆ.

ಬಾಬಿನ್ ತಪ್ಪು ಯಾವಾಗ

ಮೇಲ್ಗಡೆ ಕೆಳಗಿನ ದಾರ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತಿದ್ದರೆ ಬಾಬಿನ್ ನೋಡಿ. ಕೇಸ್‌ನ ಸೀಳಿನಲ್ಲಿ ದಾರ ಎಳೆದ ಮೇಲೆ ಅದು ಹೊರಗಿನ ಸ್ಪ್ರಿಂಗ್ ಪಟ್ಟಿಯ ಅಡಿಗೆ ಜಾರಿ ಅಲ್ಲಿಂದ ಹೊರಬರಬೇಕು. ಸೀಳಿನಲ್ಲೇ ನಿಂತಿದ್ದರೆ ಹಿಡಿತ ಇರುವುದಿಲ್ಲ. ಬಾಬಿನ್ ಅಡ್ಡಾದಿಡ್ಡಿ ಸುತ್ತಿದ್ದರೆ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಖಾಲಿ ಇದ್ದರೆ, ಹೊಲಿಗೆ ಒಂದು ಗೇಣು ಚೆನ್ನಾಗಿ ಒಂದು ಗೇಣು ಕೆಟ್ಟದಾಗಿ ಬೀಳುತ್ತದೆ. ಅದನ್ನು ಪೂರ್ತಿ ಬಿಚ್ಚಿ ಮತ್ತೆ ಸುತ್ತಿ. ಹಳೆ ದಾರದ ಮೇಲೆ ಹೊಸ ದಾರ ಸುತ್ತುವ ಅಭ್ಯಾಸ ಬಿಡಿ.

ಕೇಸ್ ಹೊರಬರುವ ಮಷಿನ್ ಆದರೆ ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ತೂಗಾಡಿಸಿ. ತಾನಾಗಿಯೇ ನೆಲಕ್ಕಿಳಿದರೆ ಸಡಿಲ. ಕೈ ಮೆಲ್ಲಗೆ ಕುಲುಕಿದಾಗ ಎರಡು ಮೂರು ಸೆಂಟಿಮೀಟರ್ ಜಾರಿ ನಿಂತರೆ ಸರಿಯಾಗಿದೆ. ಕುಲುಕಿದರೂ ಅಲ್ಲಾಡದಿದ್ದರೆ ಬಿಗಿ. ಸ್ಕ್ರೂ ಮುಟ್ಟುವ ಸಂದರ್ಭ ಇದೊಂದೇ. ಮುಟ್ಟುವ ಮೊದಲು ಅದರ ಗೀರು ಯಾವ ದಿಕ್ಕಿಗಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಮಾಡಿ, ಯಾಕಂದರೆ ಆ ಸ್ಕ್ರೂ ಜಾರಿ ಬಿದ್ದರೆ ಸಿಗುವುದು ಕಷ್ಟ.

ಹೊಲಿಗೆ ಬಿಟ್ಟು ಬಿಟ್ಟು ಬೀಳುವುದು

ಚೀಲ ಹೊಲಿಯುವವರಿಗೆ ಇದು ದೊಡ್ಡ ತಲೆನೋವು. ಗುಳೇದಗುಡ್ಡದ ಖಣದಲ್ಲಿ ಚೀಲ ಮಾಡುವುದನ್ನೇ ತೆಗೆದುಕೊಳ್ಳಿ. ಹೊರಗೆ ಖಣ, ನಡುವೆ ಫೋಮ್, ಒಳಗೆ ಲೈನಿಂಗ್. ಹಿಡಿ ಕೂರಿಸುವ ಜಾಗದಲ್ಲಿ ನಿವಾರ್ ಪಟ್ಟಿ ಮಡಚಿ ಇಟ್ಟಿರುತ್ತೀರಿ. ನೇರ ಹೊಲಿಗೆ ಚೆನ್ನಾಗಿ ಬರುತ್ತದೆ. ಪಟ್ಟಿ ಹತ್ತಿರ ಬಂದ ಕೂಡಲೇ ಒಂದು ಹೊಲಿಗೆ ಬೀಳುತ್ತದೆ, ಎರಡು ಹಾರಿಹೋಗುತ್ತದೆ, ಅಲ್ಲಿ ಉದ್ದ ದಾರ ಜೋತಾಡುತ್ತದೆ.

ಯಾಕೆ ಹೀಗೆ? ಸೂಜಿ ಪೂರ್ತಿ ಕೆಳಗಿಳಿದು ಸ್ವಲ್ಪ ಮೇಲೇರಿದಾಗ ಅದರ ಹಿಂದೆ ದಾರ ಒಂದು ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಕೊಕ್ಕೆಯ ತುದಿ ಅದೇ ಕ್ಷಣ ಆ ಕುಣಿಕೆಯೊಳಗೆ ತೂರಬೇಕು. ಕುಣಿಕೆ ಆಗದಿದ್ದರೆ, ಚಿಕ್ಕದಾದರೆ, ಪಕ್ಕಕ್ಕೆ ವಾಲಿದರೆ ಕೊಕ್ಕೆ ಖಾಲಿ ಹಾದುಹೋಗುತ್ತದೆ. ಹಾರಿದ ಹೊಲಿಗೆ ಅಂದರೆ ಅಷ್ಟೇ. ಹಾಗಾಗಿ ಇಲ್ಲಿ ಸಂಶಯ ಮೊದಲು ಸೂಜಿಯ ಮೇಲೆ ಬರಬೇಕು.

ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ. ಮನೆ ಮಷಿನ್ ಸೂಜಿಯ ತಲೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡಗೆ. ದುಂಡಗಿನ ಕಡೆ ಉದ್ದಕ್ಕೂ ಒಂದು ಕಾಲುವೆ ಇದೆ. ಚಪ್ಪಟೆ ಕಡೆ, ಕಣ್ಣಿನ ಮೇಲೆ, ಸ್ವಲ್ಪ ಕೊರೆದ ಹಾಗೆ ತಗ್ಗು ಇದೆ. ಕೊಕ್ಕೆ ಬರುವುದು ಆ ತಗ್ಗಿನ ಕಡೆಯಿಂದ. ದಾರ ಯಾವಾಗಲೂ ಉದ್ದ ಕಾಲುವೆಯ ಕಡೆಯಿಂದ ಕಣ್ಣಿನೊಳಗೆ ಹೋಗಿ ತಗ್ಗಿನ ಕಡೆ ಹೊರಬರಬೇಕು. ಹೊಸ ಮಷಿನ್‌ಗಳಲ್ಲಿ ಮುಂದಿನಿಂದ ಹಿಂದಕ್ಕೆ ಪೋಣಿಸುತ್ತೇವೆ, ಚಪ್ಪಟೆ ಭಾಗ ಹಿಂದಕ್ಕಿರುತ್ತದೆ. ಹಳೆ ಕಪ್ಪು ಮಷಿನ್‌ಗಳಲ್ಲಿ ಪಕ್ಕದಿಂದ ಪೋಣಿಸುವುದು, ಅಲ್ಲಿ ಚಪ್ಪಟೆ ಭಾಗ ಪಕ್ಕಕ್ಕಿರುತ್ತದೆ. ತಿರುಗುಮುರುಗಾಗಿ ಹಾಕಿದರೆ ಒಂದೇ ಒಂದು ಹೊಲಿಗೆಯೂ ಬೀಳುವುದಿಲ್ಲ. ಸೂಜಿ ಮೇಲಕ್ಕೆ ಪೂರ್ತಿ ತಾಗುವ ತನಕ ತಳ್ಳಿ ಸ್ಕ್ರೂ ಬಿಗಿ ಮಾಡಿ. ಒಂದು ಮಿಲಿಮೀಟರ್ ಕೆಳಗಿಳಿದಿದ್ದರೂ ಕೊಕ್ಕೆಗೆ ಕುಣಿಕೆ ತಪ್ಪುತ್ತದೆ.

ಅಂಗಡಿಯಲ್ಲಿ "ಸೂಜಿ ಕೊಡಿ" ಅಂತ ಸುಮ್ಮನೆ ಕೇಳಿದರೆ ಟೈಲರ್‌ಗಳ ಜಾಸ್ತಿ ಸ್ಪೀಡಿನ ಮಷಿನ್‌ಗೆ ಬರುವ ದುಂಡು ತಲೆ ಸೂಜಿಯೂ ಸಿಗಬಹುದು. ಅದು ಚಪ್ಪಟೆ ತಲೆ ಬೇಕಾದ ಮಷಿನ್‌ಗೆ ಆಗುವುದಿಲ್ಲ. ಹಳೆ ಸೂಜಿಯನ್ನು ಜೊತೆಗೆ ಒಯ್ಯಿರಿ.

ಇನ್ನು ನಂಬರ್. ಪ್ಯಾಕೆಟ್ ಮೇಲೆ 90/14 ಅಂತ ಇದ್ದರೆ 90 ಅಂದರೆ ಸೂಜಿಯ ದಪ್ಪ 0.90 ಮಿಲಿಮೀಟರ್. ಸಾಮಾನ್ಯ ಕಾಟನ್‌ಗೆ 14 ಸಾಕು. ತೆಳು ರೇಷ್ಮೆ, ವಾಯಿಲ್‌ಗೆ 9 ಅಥವಾ 11. ಜೀನ್ಸ್, ಕ್ಯಾನ್ವಾಸ್ ಚೀಲಕ್ಕೆ 16, ನಿವಾರ್ ಸೇರಿದರೆ 18. ದಪ್ಪ ಬಟ್ಟೆಯಲ್ಲಿ ತೆಳು ಸೂಜಿ ಬಾಗುತ್ತದೆ, ಬಾಗಿದ ಸೂಜಿ ಕೊಕ್ಕೆಯಿಂದ ದೂರ ಸರಿಯುತ್ತದೆ. ಟೀಶರ್ಟ್ ಬಟ್ಟೆಯಂಥ ಹಿಗ್ಗುವ ಬಟ್ಟೆಗೆ ತುದಿ ಉರುಟಾಗಿರುವ ಬಾಲ್‌ಪಾಯಿಂಟ್ ಸೂಜಿ ಬೇಕೇ ಬೇಕು. ಅಲ್ಲಿ ಚೂಪು ಸೂಜಿ ಹಾಕಿಕೊಂಡು ಟೆನ್ಷನ್ ಜೊತೆ ಗುದ್ದಾಡುವುದು ವ್ಯರ್ಥ.

ಸೂಜಿ ಸರಿ ಇದ್ದೂ ನಿವಾರ್ ಹತ್ತಿರ ಮಾತ್ರ ಹಾರುತ್ತಿದ್ದರೆ ಅದು ಪಾದದ ಸಮಸ್ಯೆ. ಪಾದದ ಮುಂದಿನ ತುದಿ ದಪ್ಪದ ಮೇಲೆ ಹತ್ತಿ, ಹಿಂದಿನ ತುದಿ ತೆಳು ಕಡೆ ಜೋತು ಬಿದ್ದಾಗ ಪಾದ ಓರೆಯಾಗುತ್ತದೆ. ಬಟ್ಟೆಯ ಮೇಲೆ ಹಿಡಿತ ತಪ್ಪುತ್ತದೆ. ಸೂಜಿ ಮೇಲೇಳುವಾಗ ಬಟ್ಟೆಯೂ ಅದರ ಜೊತೆ ಏಳುತ್ತದೆ, ಕುಣಿಕೆ ಉಬ್ಬುವುದೇ ಇಲ್ಲ. ಇದನ್ನು ನೋಡಬೇಕಾದರೆ ಕೈಯಿಂದ ಚಕ್ರ ತಿರುಗಿಸಿ ಸೂಜಿಯ ಬುಡವನ್ನೇ ಗಮನಿಸಿ, ಬಟ್ಟೆ ಮೇಲಕ್ಕೆ ಕೆಳಕ್ಕೆ ಕುಣಿಯುವುದು ಸ್ಪಷ್ಟ ಕಾಣುತ್ತದೆ. ಉಪಾಯ ಇಷ್ಟೇ: ರಟ್ಟನ್ನು ನಿವಾರ್ ಮಡಿಕೆಯಷ್ಟೇ ದಪ್ಪಕ್ಕೆ ಮಡಚಿ ಪಾದದ ಹಿಂಬದಿಯ ಅಡಿಗೆ ಇಡಿ. ಪಾದ ಮಟ್ಟಸವಾಗಿ ದಪ್ಪದ ಮೇಲೆ ಹತ್ತುತ್ತದೆ. ಇಳಿಯುವಾಗ ಅದೇ ರಟ್ಟು ಮುಂದೆ. ಜೀನ್ಸ್ ಮಡಿಕೆಯಾದರೆ ಹೊಲಿಯುವ ಮೊದಲು ಸುತ್ತಿಗೆಯಿಂದ ನಾಲ್ಕು ಏಟು ಹಾಕಿದರೆ ಚಪ್ಪಟೆಯಾಗುತ್ತದೆ. ಹೊಲಿಗೆ ಉದ್ದ 3ರಿಂದ 4 ಮಿಲಿಮೀಟರ್ ಇಡಿ. ಆ ಜಾಗ ದಾಟುವ ತನಕ ಮೋಟರ್ ಬೇಡ, ಕೈಯಲ್ಲೇ ಚಕ್ರ ತಿರುಗಿಸಿ.

ಕೈಯಿಂದಲೂ ಚಕ್ರ ತಿರುಗದಷ್ಟು ದಪ್ಪವಾದರೆ ನಿಲ್ಲಿಸಿ. ಆ ಚೀಲದ ವಿನ್ಯಾಸ ಬದಲಿಸಿ: ಫೋಮನ್ನು ಹೊಲಿಗೆ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಕತ್ತರಿಸಿದರೆ ಅರ್ಧ ದಪ್ಪ ಅಲ್ಲೇ ಇಳಿಯುತ್ತದೆ. ಮನೆ ಮಷಿನ್‌ಗೆ ಒಂದು ಮಿತಿ ಇದೆ, ಅದನ್ನು ಗೌರವಿಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ.

ರೆಕ್ಸಿನ್ ಚೀಲದಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಪಾದ ರೆಕ್ಸಿನ್‌ಗೆ ಅಂಟಿಕೊಂಡು ಬಟ್ಟೆ ಮುಂದೆ ಹೋಗುವುದಿಲ್ಲ, ಹೊಲಿಗೆ ಒಂದರ ಮೇಲೊಂದು ಬೀಳುತ್ತದೆ. ಟೆಫ್ಲಾನ್ ಪಾದ ಹಾಕಿ, ಇಲ್ಲದಿದ್ದರೆ ಮೇಲೆ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಹೊಲಿಗೆ ಸಣ್ಣದು ಮಾಡಬೇಡಿ, ಹತ್ತಿರ ಹತ್ತಿರ ತೂತು ಬಿದ್ದರೆ ರೆಕ್ಸಿನ್ ಆ ಗೆರೆಯಲ್ಲೇ ಹರಿದುಹೋಗುತ್ತದೆ. ಪಿನ್ನೂ ಬೇಡ, ಕ್ಲಿಪ್ ಬಳಸಿ.

ಮೇಲಿನ ದಾರ ಕಡಿಯುತ್ತಿದ್ದರೆ

ಕಡಿದ ತುದಿ ನೋಡಿ, ಅದೇ ಹೇಳುತ್ತದೆ. ತುದಿ ಬಿಚ್ಚಿ ಬಿಚ್ಚಿ ನಾರಾಗಿದ್ದರೆ ದಾರ ಎಲ್ಲೋ ಉಜ್ಜುತ್ತಿದೆ: ದಾರಕ್ಕೆ ಸೂಜಿಯ ಕಣ್ಣು ಸಣ್ಣದು, ಇಲ್ಲವೇ ಕಣ್ಣಿನಲ್ಲಿ ಒರಟು ಇದೆ. ಕತ್ತರಿಸಿದ ಹಾಗೆ ನುಣುಪಾಗಿದ್ದರೆ ಎಲ್ಲೋ ಚೂಪು ಅಂಚಿದೆ, ಹೆಚ್ಚಾಗಿ ಸೂಜಿ ಬಡಿದು ಗೀರಾದ ತಗಡಿನ ತೂತು ಅಥವಾ ಕೊಕ್ಕೆಯ ತುದಿ. ಉಗುರು ಸವರಿ ನೋಡಿದರೆ ಸಿಗುತ್ತದೆ. ತೆಳು ಎಮರಿ ಪೇಪರ್‌ನಿಂದ ತಗಡಿನ ಗೀರನ್ನು ಉಜ್ಜಬಹುದು. ಕೊಕ್ಕೆಯ ತುದಿಯನ್ನು ಮಾತ್ರ ತಿಳಿದವರಿಗೇ ಬಿಡಿ.

ರೀಲಿನ ಅಂಚಿನ ಸೀಳಿನಲ್ಲಿ ದಾರ ಸಿಕ್ಕಿಕೊಳ್ಳುವುದೂ ಉಂಟು. ಅಜ್ಜಿಯ ಡಬ್ಬದಲ್ಲಿ ಸಿಕ್ಕ ಹಳೆ ಕಾಟನ್ ರೀಲು ನೋಡಲು ಎಷ್ಟು ಚೆಂದ ಇದ್ದರೂ ಮಷಿನ್‌ಗೆ ಬೇಡ. ಒಂದು ಮೊಳ ಎಳೆದು ಎರಡೂ ಕೈಯಲ್ಲಿ ಜಗ್ಗಿ, ಸುಲಭವಾಗಿ ತುಂಡಾದರೆ ಕೈ ಹೊಲಿಗೆಗೆ ಇಟ್ಟುಕೊಳ್ಳಿ. ಜರಿ ದಾರ ಹಾಕುವುದಾದರೆ ಕಣ್ಣು ದೊಡ್ಡದಿರುವ ಸೂಜಿ ಹಾಕಿ, ಟೆನ್ಷನ್ ಇಳಿಸಿ, ನಿಧಾನ ಹೊಲಿಯಿರಿ.

ಸೂಜಿ ಮುರಿಯುವುದು

ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತಿದ್ದೀರಿ, ಅದೇ ಮುಖ್ಯ ಕಾರಣ. ಬಟ್ಟೆಯನ್ನು ನಡೆಸುವುದು ಕೆಳಗಿನ ಹಲ್ಲಿನ ಕೆಲಸ, ಕೈ ದಾರಿ ತೋರಿಸಿದರೆ ಸಾಕು. ಉಳಿದದ್ದು ಪಿನ್ ಮೇಲೆ ಹೊಲಿಯುವುದು, ಝಿಪ್‌ನ ಲೋಹದ ಹಲ್ಲಿಗೆ ತಾಗುವುದು, ಝಿಗ್‌ಝ್ಯಾಗ್ ಮಷಿನ್‌ನಲ್ಲಿ ನೇರ ಹೊಲಿಗೆಯ ಪಾದ ಹಾಕಿ ಝಿಗ್‌ಝ್ಯಾಗ್ ಒತ್ತುವುದು. ಮುರಿದ ತುಂಡುಗಳನ್ನು ಎಲ್ಲಾ ಹುಡುಕಿ ಜೋಡಿಸಿ ನೋಡಿ. ಮಕ್ಕಳ ಬಟ್ಟೆ ಹೊಲಿಯುತ್ತಿದ್ದರೆ ತುದಿ ಸಿಗುವ ತನಕ ಏಳಬೇಡಿ.

ಹೊಲಿಗೆ ಸುಕ್ಕುಗಟ್ಟುವುದು

ಸುಕ್ಕು ಯಾವಾಗ ಬಂತು ಅಂತ ಮೊದಲು ಕೇಳಿಕೊಳ್ಳಿ. ಒಗೆದ ಮೇಲೆ ಬಂದಿದ್ದರೆ ಮಷಿನ್ ಮೇಲೆ ತಪ್ಪು ಹೊರಿಸಬೇಡಿ, ಬಟ್ಟೆಯೋ ಲೈನಿಂಗೋ ಕುಗ್ಗಿದೆ. ಕಾಟನ್ ಬಟ್ಟೆ, ಕಾಟನ್ ಲೈನಿಂಗ್, ಫಾಲ್ಸ್ ಎಲ್ಲವನ್ನೂ ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಬೇಕು.

ಹೊಲಿದ ಕೂಡಲೇ ಸುಕ್ಕಿದ್ದರೆ ಒಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಹೊಲಿಗೆಯಲ್ಲಿ ಅಲ್ಲಲ್ಲಿ ದಾರವನ್ನು ಮಾತ್ರ ಕತ್ತರಿಸಿ. ಬಟ್ಟೆ ತಕ್ಷಣ ಸಡಿಲವಾಗಿ ಮಟ್ಟಸವಾದರೆ ಟೆನ್ಷನ್ ಬಿಗಿಯಾಗಿತ್ತು. ದಾರ ಕತ್ತರಿಸಿದರೂ ಸುಕ್ಕು ಹಾಗೇ ಉಳಿದರೆ ಎರಡು ಪದರ ಒಂದೇ ವೇಗದಲ್ಲಿ ನಡೆದಿಲ್ಲ, ಇಲ್ಲವೇ ಒತ್ತಾಗಿ ನೆಯ್ದ ಬಟ್ಟೆಯೊಳಗೆ ದಪ್ಪ ದಾರ ತುರುಕಿದ್ದೀರಿ. ಮೊದಲನೆಯದಕ್ಕೆ ಮೇಲಿನ ಟೆನ್ಷನ್ ಅರ್ಧ ಅಂಕಿ ಇಳಿಸಿ. ಎರಡನೆಯದಕ್ಕೆ ಪಾದದ ಒತ್ತಡ ಕಡಿಮೆ ಮಾಡಿ, ಸೂಜಿ ದಾರ ಎರಡೂ ತೆಳುವಾದದ್ದು ಹಾಕಿ. ಜಾರುವ ಬಟ್ಟೆಯ ಅಡಿಗೆ ತೆಳು ಕಾಗದ ಇಟ್ಟು ಹೊಲಿದರೂ ಒಳ್ಳೆಯ ಫಲ ಸಿಗುತ್ತದೆ. ಖಣದ ಮೇಲೆ ಸುಕ್ಕು ಬಂದರೆ ಹಿಂದೆ ಫ್ಯೂಸಿಂಗ್ (ಇಸ್ತ್ರಿ ಶಾಖಕ್ಕೆ ಅಂಟುವ ಬಟ್ಟೆ) ಅಂಟಿಸಿ. ಅಂಚು ಬಿಚ್ಚುವುದೂ ನಿಲ್ಲುತ್ತದೆ.

ಸಣ್ಣಪುಟ್ಟವು

ಬಟ್ಟೆ ಮುಂದೆ ಹೋಗದಿದ್ದರೆ ಹೊಲಿಗೆ ಉದ್ದ ಸೊನ್ನೆಗೆ ಬಂದಿದೆಯಾ ನೋಡಿ. ಇಲ್ಲವೇ ಹಲ್ಲು ಇಳಿಸುವ ಗುಂಡಿ ಒತ್ತಿದೆ. ಇಲ್ಲವೇ ಹಲ್ಲಿನ ಸಂದಿಯಲ್ಲಿ ಹತ್ತಿ ಧೂಳು ಗಟ್ಟಿಯಾಗಿ ಕೂತಿದೆ. ತಗಡು ಬಿಚ್ಚಿ ಬ್ರಶ್‌ನಿಂದ ತೆಗೆಯಿರಿ. ಊದಬೇಡಿ, ಬಾಯಿಯ ತೇವ ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ.

ಚಕ್ರ ತಿರುಗುತ್ತದೆ, ಸೂಜಿ ಅಲ್ಲಾಡುವುದಿಲ್ಲ. ಹಳೆ ಮಷಿನ್ ಇಟ್ಟುಕೊಂಡವರು ಇದಕ್ಕೆ ಗಾಬರಿಯಾಗುತ್ತಾರೆ. ಬಾಬಿನ್ ಸುತ್ತುವಾಗ ಚಕ್ರದ ನಡುವಿನ ದೊಡ್ಡ ತಿರುಪು ಸಡಿಲ ಮಾಡಿದ್ದಿರಿ, ಅದನ್ನು ಮತ್ತೆ ಬಿಗಿ ಮಾಡಿಲ್ಲ, ಅಷ್ಟೇ. ಕಾಲ್ಮಷಿನ್‌ನಲ್ಲಿ ಕಾಲು ಆಡುತ್ತದೆ, ಮೇಲಿನ ಚಕ್ರ ನಿಲ್ಲುತ್ತದೆ ಅಂದರೆ ಚರ್ಮದ ಬೆಲ್ಟ್ ಹಿಗ್ಗಿದೆ. ಸ್ವಲ್ಪ ಕತ್ತರಿಸಿ ಮತ್ತೆ ತಂತಿ ಕೊಂಡಿ ಹಾಕಿ.

ಮಷಿನ್ ಭಾರವಾಗಿ ತಿರುಗುತ್ತಿದೆ, ಕಿರ್‍ರೆನ್ನುತ್ತಿದೆ ಅಂದರೆ ಎಣ್ಣೆ ಒಣಗಿದೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೊಬ್ಬರಿ ಎಣ್ಣೆ ಹಾಕಬೇಡಿ. ಎಷ್ಟೋ ಮನೆಗಳಲ್ಲಿ ಕೈಗೆ ಸಿಗುತ್ತದೆ ಅಂತ ಅದನ್ನೇ ಬಿಡುತ್ತಾರೆ. ಚಳಿಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆಯನ್ನೇ ಕೊಂಡು, ಮಷಿನ್ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ತೂತುಗಳಿಗೆ ಒಂದೊಂದು ಹನಿ ಬಿಟ್ಟು, ದಾರ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಹಳೆ ಬಟ್ಟೆಯ ಮೇಲೆ ಹೊಲಿದು ಜಾಸ್ತಿ ಎಣ್ಣೆ ಹೀರಿಸಿ. ಕೆಲವು ಹೊಸ ಮಷಿನ್‌ಗಳಿಗೆ ಮನೆಯಲ್ಲಿ ಎಣ್ಣೆ ಬಿಡುವ ಹಾಗಿಲ್ಲ, ಪುಸ್ತಕ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಮಷಿನ್ ಮುಚ್ಚಿಡಿ. ಸೂಜಿ ತೆಗೆದು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ, ತುಕ್ಕಿನ ಚುಕ್ಕೆ ಬಿದ್ದ ಸೂಜಿ ರೇಷ್ಮೆಯ ಎಳೆ ಕೀಳುತ್ತದೆ.

ಮೆಕ್ಯಾನಿಕ್ ಹತ್ತಿರ ಹೋಗುವುದು ಯಾವಾಗ

ಹೊಸ ಸೂಜಿ, ಹೊಸ ದಾರ ಹಾಕಿ, ಕಸ ತೆಗೆದು, ಸಾಮಾನ್ಯ ಎರಡು ಪದರ ಕಾಟನ್ ಮೇಲೂ ಹೊಲಿಗೆ ಹಾರುತ್ತಿದ್ದರೆ ಆಗ ಟೈಮಿಂಗ್, ಅಂದರೆ ಸೂಜಿಯೂ ಕೊಕ್ಕೆಯೂ ಸಂಧಿಸುವ ಹೊಂದಾಣಿಕೆ, ತಪ್ಪಿದ ಸಂಶಯ. ತಗಡು ತೆಗೆದು ಚಕ್ರವನ್ನು ಕೈಯಿಂದ ತಿರುಗಿಸಿ. ಸೂಜಿ ತೀರಾ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲೇರಿದಾಗ ಕೊಕ್ಕೆಯ ತುದಿ ಸೂಜಿಯ ಹಿಂದೆ, ಕಣ್ಣಿಗಿಂತ ಸ್ವಲ್ಪ ಮೇಲೆ ಹಾಯಬೇಕು. ಅದಕ್ಕಿಂತ ಮೊದಲೋ ಆಮೇಲೋ ಬಂದರೆ, ಇಲ್ಲಾ ಸೂಜಿಗೂ ಕೊಕ್ಕೆಗೂ ನಡುವೆ ಕಾಣುವಷ್ಟು ಅಂತರ ಇದ್ದರೆ, ಟೈಮಿಂಗ್ ತಪ್ಪಿದೆ. ದಪ್ಪ ಚೀಲದಲ್ಲಿ ಸೂಜಿ ಜೋರಾಗಿ ಬಡಿದ ಮೇಲೆ ಇದು ಆಗುವುದುಂಟು. ಅದನ್ನು ನೀವೇ ಸರಿಮಾಡಲು ಹೋಗಬೇಡಿ. ಮೋಟರ್‌ನಿಂದ ಕಿಡಿ, ಸುಟ್ಟ ವಾಸನೆ, ಪೆಡಲ್ ಬಿಸಿಯಾಗುವುದು ಕಂಡರೂ ಹಾಗೇ, ಪ್ಲಗ್ ತೆಗೆದು ಬಿಡಿ.

ಹೋಗುವಾಗ ಮಷಿನ್ ತಲೆಯ ಜೊತೆ ಬಾಬಿನ್ ಕೇಸ್, ನೀವು ಬಳಸುವ ಸೂಜಿ, ದಾರ, ತೊಂದರೆ ಕೊಟ್ಟ ಬಟ್ಟೆಯ ತುಂಡು ಎಲ್ಲವನ್ನೂ ಒಯ್ಯಿರಿ. ಕೆಂಪು ನೀಲಿ ದಾರದಲ್ಲಿ ಹೊಲಿದ ಆ ಪರೀಕ್ಷೆ ತುಂಡನ್ನೂ ಕೊಡಿ. ರಿಪೇರಿ ಆದ ಮೇಲೆ ಅಂಗಡಿಯವರ ಬಟ್ಟೆಯ ಮೇಲೆ ಹೊಲಿದು ತೋರಿಸಿದರೆ ಸಾಲದು, ನಿಮ್ಮ ಖಣ, ನಿಮ್ಮ ನಿವಾರ್ ಪಟ್ಟಿ ಕೊಟ್ಟು ಅದರ ಮೇಲೆ ಅಲ್ಲೇ ಹೊಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.